ಹಣ ಯಾವ ಬಾಗಿಲಲ್ಲಿ ನಿಂತಿದೆ?

2024ರ ಬೇಸಿಗೆಯಲ್ಲಿ ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಎರಡೇ ಪ್ರಶ್ನೆ. ಒಂದು, ‘ಮಳೆ ಬಂತಾ?’ ಇನ್ನೊಂದು, ‘ದುಡ್ಡು ಬಂತಾ?’ ಮಳೆಯ ಪ್ರಶ್ನೆಗೆ ಆಕಾಶ ನೋಡಿ ಉತ್ತರ ಹೇಳಬಹುದಿತ್ತು. ದುಡ್ಡಿನ ಪ್ರಶ್ನೆಗೆ ಎಲ್ಲಿ ನೋಡಬೇಕೆಂಬುದೇ ಯಾರಿಗೂ ಗೊತ್ತಿರಲಿಲ್ಲ.

ದುಡ್ಡು ಎಂದರೆ ಯುವನಿಧಿಯ ದುಡ್ಡು. ಮನೆಯಲ್ಲಿ ಡಿಗ್ರಿ ಓದಿದ ಅಕ್ಕನೋ ಅಣ್ಣನೋ ಇರುವ ಮಕ್ಕಳಿಗೆ ಈ ಹೆಸರು ಗೊತ್ತಿರುತ್ತದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ರಾಜ್ಯ ಸರ್ಕಾರದ ಐದು ಗ್ಯಾರಂಟಿಗಳಲ್ಲಿ ಕೊನೆಯದು ಇದು. 2022-23ನೇ ಸಾಲಿನಲ್ಲಿ ಪದವಿ ಅಥವಾ ಡಿಪ್ಲೊಮಾ ಮುಗಿಸಿ, ತೇರ್ಗಡೆಯಾಗಿ 180 ದಿನ ಕಳೆದರೂ ಕೆಲಸ ಸಿಗದವರಿಗೆ ಆಗ ನಿರುದ್ಯೋಗ ಭತ್ಯೆ ಸಿಗುತ್ತಿತ್ತು. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500. ಹೆಚ್ಚೆಂದರೆ ಎರಡು ವರ್ಷ. ಅಷ್ಟರೊಳಗೆ ಕೆಲಸ ಸಿಕ್ಕರೆ ಅಲ್ಲಿಗೇ ನಿಲ್ಲುತ್ತದೆ. ಮುಂದೆ ಓದಲು ಹೋದವರಿಗೆ ಸಿಗುವುದಿಲ್ಲ. 2023ರ ಡಿಸೆಂಬರ್ 26ರಂದು ನೋಂದಣಿ ಶುರುವಾಯಿತು. 2024ರ ಜನವರಿ 12ರಂದು, ವಿವೇಕಾನಂದ ಜಯಂತಿಯ ದಿನ, ಶಿವಮೊಗ್ಗದಲ್ಲಿ ಯೋಜನೆಗೆ ಚಾಲನೆ ಕೊಟ್ಟರು.

ಕೇಳುವುದಕ್ಕೆ ಎಷ್ಟು ಸಲೀಸು! ಆದರೆ ಒಂದು ಯೋಜನೆ ಶಿವಮೊಗ್ಗದ ವೇದಿಕೆಯಿಂದ ಕೊಳ್ಳೇಗಾಲದ ಒಂದು ಮನೆಯ ಪಾಸ್‌ಬುಕ್ಕಿಗೆ ಬರುವಷ್ಟರಲ್ಲಿ ಎಷ್ಟು ಬಾಗಿಲು ದಾಟಬೇಕು ಎಂಬುದನ್ನು ನಾನು ಎದುರುಮನೆಯಲ್ಲಿ ಕಂಡೆ.

ಎದುರುಮನೆಯಲ್ಲಿ ಐದು ಜನ. ಅಜ್ಜಿ, ಮಗ, ಸೊಸೆ, ಮೊಮ್ಮಗಳು, ಮೊಮ್ಮಗ. ಮಗ ರೇಷ್ಮೆ ಸೀರೆ ನೇಯುವವರು. ಸ್ವಂತ ಮಗ್ಗ ಹೋಗಿ, ಈಗ ಬೇರೆಯವರ ಮಗ್ಗದಲ್ಲಿ ಕೂರುತ್ತಾರೆ. ಮೊಮ್ಮಗಳು ಬಿಕಾಂ, ನನ್ನದೇ ಓದು. ಮೊಮ್ಮಗ ಏಳನೇ ತರಗತಿ. ಹುಡುಗಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದಳು. ಅರ್ಜಿ ಹಾಕಲು ಶುಲ್ಕ ಬೇಕು, ಪುಸ್ತಕ ಬೇಕು, ಪರೀಕ್ಷೆ ಬರೆಯಲು ಮೈಸೂರಿಗೋ ಬೆಂಗಳೂರಿಗೋ ಹೋಗಿಬರಬೇಕು. ಅಪ್ಪನ ಕೂಲಿಯಲ್ಲಿ ಅದಕ್ಕೆಲ್ಲ ಜಾಗವಿಲ್ಲ. ಆ 3,000 ಬಂದರೆ ಆದೀತು ಎಂದು ಜನವರಿಯಲ್ಲೇ ಅರ್ಜಿ ಹಾಕಿದ್ದಳು. ಏಪ್ರಿಲ್ ಬಂದರೂ ಒಂದು ಪೈಸೆ ಬರಲಿಲ್ಲ. ಒಂದು ಪರೀಕ್ಷೆಯ ಅರ್ಜಿಯ ಕೊನೆಯ ದಿನ ಕಣ್ಣೆದುರೇ ಕಳೆದುಹೋಯಿತು. ಕೆಲಸ ಇಲ್ಲದವರಿಗೆ ಕೊಡುವ ಹಣ ಬಾರದೆ, ಕೆಲಸ ಹುಡುಕುವುದೇ ನಿಂತುಹೋದಂತಾಯಿತು.

ಅದಕ್ಕಿಂತ ಹೆಚ್ಚಾಗಿ ಅವಳನ್ನು ಕುಗ್ಗಿಸಿದ್ದು ಅಮ್ಮನ ಮಾತು. ‘ಇಷ್ಟು ಓದ್ಸಿ ಬಿಟ್ಟಿ ದುಡ್ಗ ಕೈಯೊಡ್ಡದಾ? ಬೆಂಗಳೂರ್ಲಿ ಗಾರ್ಮೆಂಟ್ಸ್‌ಗಾದ್ರೂ ಹೋಗು’ ಎಂದು ಅವರು ದಿನಕ್ಕೊಮ್ಮೆ ಅನ್ನುತ್ತಿದ್ದರು. ಗಾರ್ಮೆಂಟ್ಸ್ ಕೆಲಸ ಕೀಳು ಎಂದಲ್ಲ. ನಮ್ಮ ತಾಲ್ಲೂಕಿನ ಎಷ್ಟೋ ಹೆಣ್ಣುಮಕ್ಕಳು ಅದರಲ್ಲೇ ಮನೆ ನಡೆಸುತ್ತಿದ್ದಾರೆ. ಆದರೆ ಹುಡುಗಿಗೆ ಇನ್ನೊಂದು ವರ್ಷ ಓದಿ ಪ್ರಯತ್ನಿಸುವ ಆಸೆ. ಕೊನೆಗೊಂದು ದಿನ, ‘ಅರ್ಜಿನೇ ಬೇಡ ತಾತ, ಬಿಟ್ಬುಡ್ತೀನಿ’ ಎಂದಳು.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿದ ಕಾಲದಲ್ಲಿ ಕಂಪ್ಯೂಟರ್ ಇರಲಿಲ್ಲ. ಬೇರೆ ಊರಿನ ಚೆಕ್ಕು ಕೊಟ್ಟರೆ ಅದು ಅಂಚೆಯಲ್ಲಿ ಹೋಗಿ, ಹಣ ವಸೂಲಾಗಿ ಬರಲು ವಾರಗಟ್ಟಲೆ ಹಿಡಿಯುತ್ತಿತ್ತು. ಗಿರಾಕಿಗಳು ದಿನಾ ಬಂದು ಕಿಟಕಿಯಲ್ಲಿ ‘ಬಂತಾ?’ ಎಂದು ಕೇಳುವರು. ನಾವು ‘ಇಲ್ಲ’ ಎನ್ನುವೆವು. ನಮ್ಮ ಹೆಡ್ ಕ್ಲರ್ಕ್ ಒಂದು ದಿನ ನನಗೆ ಹೇಳಿದರು: ‘ಬಂತಾ ಅಂತ ಕೇಳಿದರೆ ಇಲ್ಲ ಅನ್ನುವುದು ಸುಲಭ. ಎಲ್ಲಿದೆ ಅಂತ ಕೇಳಿದರೆ ಪುಸ್ತಕ ತೆಗೆದು ನೋಡಲೇಬೇಕು.’ ಆ ಮಾತನ್ನೇ ನಾನು ಹುಡುಗಿಗೆ ಹೇಳಿದೆ. ಇನ್ನು ಮೇಲೆ ‘ಬಂತಾ’ ಬೇಡ, ‘ಎಲ್ಲಿದೆ’ ಎಂದು ಕೇಳೋಣ ಎಂದೆ.

ಅವಳ ತಮ್ಮನ ಹಳೆಯ ನೋಟ್‌ಬುಕ್ಕಿನಲ್ಲಿ ಇನ್ನೂ ಹಾಳೆ ಉಳಿದಿದ್ದವು. ಅದರಲ್ಲಿ ನಾಲ್ಕು ಕಲಮು ಎಳೆದೆವು. ತಾರೀಖು, ಹೋದ ಜಾಗ, ಕೇಳಿದ ಪ್ರಶ್ನೆ, ಸಿಕ್ಕ ಉತ್ತರ. ಅರ್ಜಿಯ ಸಂಖ್ಯೆಯನ್ನು ಮೊದಲ ಪುಟದಲ್ಲಿ ದೊಡ್ಡದಾಗಿ ಬರೆದದ್ದು ತಮ್ಮ, ಕೆಂಪು ಶಾಯಿಯಲ್ಲಿ.

ಮೊದಲನೇ ಬಾಗಿಲು ಕ್ಯಾಲೆಂಡರಿನದು. ಅವಳ ಗೆಳತಿಯೊಬ್ಬಳಿಗೆ ಜನವರಿಯಲ್ಲೇ ಹಣ ಬಂದಿತ್ತು. ಇಬ್ಬರೂ ಒಂದೇ ದಿನ ಅರ್ಜಿ ಹಾಕಿದವರು. ‘ಅವ್ಳಿಗ ಕೊಟ್ಟವರೆ, ನಮ್ಗ ಯಾಕ ಕೊಡ್ನಿಲ್ಲ?’ ಎಂದು ಅಜ್ಜಿಯ ಸಿಟ್ಟು. ಇಬ್ಬರ ಫಲಿತಾಂಶದ ತಾರೀಖು ಕೇಳಿದೆ. ಗೆಳತಿಯದು ಬೇರೆ ಕಾಲೇಜು, ಫಲಿತಾಂಶ ಜೂನ್‌ನಲ್ಲೇ ಬಂದಿತ್ತು. ಇವಳದು 2023ರ ಆಗಸ್ಟ್ 28. ಗೋಡೆಯ ಕ್ಯಾಲೆಂಡರ್ ಇಳಿಸಿ, 180 ದಿನ ಎಣಿಸು ಎಂದು ತಮ್ಮನಿಗೆ ಕೊಟ್ಟೆ. ಹಳೆಯ ವರ್ಷದ ಕ್ಯಾಲೆಂಡರಿನ ಹಿಂಬದಿಯಲ್ಲಿ ತಿಂಗಳು ತಿಂಗಳಾಗಿ ಕೂಡಿ, ‘ಫೆಬ್ರುವರಿ 24’ ಎಂದು ಕೂಗಿದ. ನಾನೂ ಕೂಡಿ ನೋಡಿದೆ, ಸರಿಯಾಗಿತ್ತು. ಅಲ್ಲಿಗೆ ಜನವರಿಯಲ್ಲಿ ಹಣ ಬಾರದಿದ್ದದ್ದು ತಡವೇ ಅಲ್ಲ. ಅವಳ ಸರದಿಯೇ ಬಂದಿರಲಿಲ್ಲ. ಅಷ್ಟು ತಿಳಿದದ್ದೇ ಮನೆಯ ಅರ್ಧ ಬೇಗುದಿ ಇಳಿಯಿತು.

ಎರಡನೇ ಬಾಗಿಲು ದಾಖಲೆಯದು. ಈಗ ಅಂಕಪಟ್ಟಿಗಳನ್ನು ಎಲೆಕ್ಟ್ರಾನಿಕ್ ರೂಪದಲ್ಲಿ ರಾಷ್ಟ್ರೀಯ ಶೈಕ್ಷಣಿಕ ಠೇವಣಿಯಲ್ಲಿ ಇಡುತ್ತಾರೆ. ಬ್ಯಾಂಕಿನ ಲಾಕರಿನಲ್ಲಿ ಒಡವೆ ಇಟ್ಟ ಹಾಗೆ. ಅರ್ಜಿ ಹಾಕಿದವರು ನಿಜವಾಗಿ ತೇರ್ಗಡೆಯಾಗಿದ್ದಾರೋ ಇಲ್ಲವೋ ಎಂದು ಅಲ್ಲಿ ನೋಡಿ ಖಚಿತ ಮಾಡಿಕೊಳ್ಳುತ್ತಾರೆ. ಇವಳ ಲಾಕರ್ ತೆರೆದರೆ ಖಾಲಿ! ಮನೆಯ ಟ್ರಂಕಿನಲ್ಲಿ ಮೂಲ ಅಂಕಪಟ್ಟಿ ಇದೆ, ಕಂಪ್ಯೂಟರಿನಲ್ಲಿ ಇಲ್ಲ. ಜೊತೆಗೆ ಇನ್ನೊಂದು ತೊಡಕು. ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಇನಿಷಿಯಲ್ ಒಂದೇ, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು. ನಮ್ಮ ಕಣ್ಣಿಗೆ ಒಬ್ಬಳೇ ಹುಡುಗಿ, ಯಂತ್ರದ ಕಣ್ಣಿಗೆ ಇಬ್ಬರು. ಕಾಲೇಜಿಗೆ ಎರಡು ಸಲ ಹೋಗಿ, ಬರವಣಿಗೆಯಲ್ಲಿ ಅರ್ಜಿ ಕೊಟ್ಟು, ಅದರ ನಕಲಿಗೆ ಸೀಲು ಹಾಕಿಸಿಕೊಂಡು ಬಂದಳು. ಮೂರನೇ ಸಲ ಹೋಗುವ ಮೊದಲೇ ಅಂಕಪಟ್ಟಿ ಲಾಕರಿನಲ್ಲಿ ಕಾಣಿಸಿಕೊಂಡಿತು.

ಮೂರನೇ ಬಾಗಿಲು ಪ್ರತಿ ತಿಂಗಳೂ ಮುಚ್ಚಿ ಪ್ರತಿ ತಿಂಗಳೂ ತೆರೆಯುವಂಥದ್ದು. ಭತ್ಯೆ ಪಡೆಯುವವರು ಆಗ ತಿಂಗಳ 25ರೊಳಗೆ ‘ನನಗೆ ಇನ್ನೂ ಕೆಲಸ ಸಿಕ್ಕಿಲ್ಲ’ ಎಂದು ಸೇವಾ ಸಿಂಧುವಿನಲ್ಲಿ ಸ್ವಯಂ ಘೋಷಣೆ ಕೊಡಬೇಕಿತ್ತು. ಕೊಡದಿದ್ದರೆ ಆ ತಿಂಗಳು ಹಣ ಬರುತ್ತಿರಲಿಲ್ಲ. ಅರ್ಜಿ ಹಾಕಿಬಿಟ್ಟರೆ ಮುಗಿಯಿತು ಎಂದುಕೊಂಡಿದ್ದ ಹುಡುಗಿಗೆ ಇದು ಗೊತ್ತೇ ಇರಲಿಲ್ಲ. ಗೊತ್ತಾದ ಮೇಲೆ ಓಟಿಪಿಯ ಕಷ್ಟ. ಆಧಾರ್‌ಗೆ ಕೊಟ್ಟಿದ್ದ ನಂಬರು ಅಪ್ಪನದು. ಅಪ್ಪ ಮಗ್ಗದ ಸದ್ದಿನಲ್ಲಿ, ಫೋನು ಗೂಟಕ್ಕೆ ಹಾಕಿದ ಅಂಗಿಯಲ್ಲಿ. ಇವಳು ಮನೆಯಿಂದ ಫೋನ್ ಮಾಡಿ ಅವರು ಎತ್ತಿ ಆರು ಅಂಕೆ ಓದಿ ಹೇಳುವಷ್ಟರಲ್ಲಿ ಓಟಿಪಿಯ ಆಯುಸ್ಸು ಮುಗಿದಿರುತ್ತಿತ್ತು. ಕೊನೆಗೆ ಪ್ರತಿ ತಿಂಗಳು 20ನೇ ತಾರೀಖು ಅಪ್ಪ ಮಧ್ಯಾಹ್ನ ಊಟಕ್ಕೆ ಬಂದಾಗಲೇ ಆ ಕೆಲಸ ಮುಗಿಸುವುದು ಎಂದು ಮನೆಯಲ್ಲಿ ಕಾಯಿದೆ ಮಾಡಿದರು. ಕ್ಯಾಲೆಂಡರಿನಲ್ಲಿ 20ಕ್ಕೆ ವೃತ್ತ ಬರೆಯುವ ಹೊಣೆ ತಮ್ಮನದು.

ಈ ಮೂರು ಬಾಗಿಲು ತೆಗೆಸುವಷ್ಟರಲ್ಲಿ ಮೇ ತಿಂಗಳು ಬಂತು. ಆಗಲೇ ಹುಡುಗಿಯ ಸೋದರಮಾವ ಹನೂರು ಕಡೆಯ ಹಳ್ಳಿಯಿಂದ ಬಂದರು. ಕೊಳ್ಳೇಗಾಲದಿಂದ ಹನೂರಿಗೆ ಸುಮಾರು 25 ಕಿಲೋಮೀಟರು. ಅಲ್ಲಿಂದಾಚೆ ಮಹದೇಶ್ವರ ಬೆಟ್ಟದವರೆಗೂ ಮಳೆಯನ್ನೇ ನಂಬಿದ ಹೊಲಗಳು ಬಹಳ. ಹಿಂದಿನ ವರ್ಷ ರಾಜ್ಯಕ್ಕೆಲ್ಲ ಬರಗಾಲ ಬಡಿದಿತ್ತಲ್ಲ, ಅವರ ರಾಗಿ ಕೈಗೆ ಹತ್ತಿರಲಿಲ್ಲ. ಗಂಡ ಹೆಂಡತಿ ಇಬ್ಬರಿಗೂ ಉದ್ಯೋಗ ಖಾತರಿಯ ಜಾಬ್ ಕಾರ್ಡ್ ಇತ್ತು. ಕೆಲಸ ಕೇಳಿ ಒಂದು ತಿಂಗಳಾಗಿತ್ತು. ‘ಹೇಳ್ತೀವಿ ಹೋಗಿ ಅಂದವರೆ’ ಎಂದರು. ಇನ್ನೆರಡು ವಾರ ನೋಡಿ, ಮನೆಗೆ ಬೀಗ ಹಾಕಿ, ಮಕ್ಕಳನ್ನು ಕರೆದುಕೊಂಡು ಕೇರಳಕ್ಕೆ ಕೂಲಿಗೆ ಹೋಗುವ ಯೋಚನೆ ಅವರದು. ಜೂನ್‌ಗೆ ಶಾಲೆ ಶುರು. ಹೋದರೆ ಆ ಮಕ್ಕಳ ಓದು ಅಲ್ಲಿಗೇ ನಿಲ್ಲುತ್ತದೆ.

ಸೊಸೆಯ ನೋಟ್‌ಬುಕ್ ನೋಡಿ ಅವರು ನಕ್ಕರು. ನಾನು, ‘ನೀವು ಕೆಲಸ ಕೇಳಿದ್ದಕ್ಕೆ ಚೀಟಿ ಇದೆಯಾ?’ ಎಂದೆ. ಇರಲಿಲ್ಲ. ಬಾಯಲ್ಲಿ ಕೇಳಿದ್ದರು, ಬಾಯಲ್ಲಿ ಉತ್ತರ ಬಂದಿತ್ತು.

2005ರ ಉದ್ಯೋಗ ಖಾತರಿ ಕಾಯ್ದೆಯಲ್ಲಿ ಒಂದು ಗಟ್ಟಿ ಮಾತಿತ್ತು. ಕೆಲಸ ಕೇಳಿ ಅರ್ಜಿ ಕೊಟ್ಟರೆ ತಾರೀಖು ಹಾಕಿದ ರಸೀತಿ ಕೊಡಬೇಕು. ಆ ತಾರೀಖಿನಿಂದ 15 ದಿನದೊಳಗೆ ಕೆಲಸ ಕೊಡಬೇಕು. ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು. ಮೊದಲ 30 ದಿನ ಕೂಲಿಯ ಕಾಲು ಭಾಗಕ್ಕೆ ಕಡಿಮೆ ಇಲ್ಲದಂತೆ, ಆಮೇಲೆ ಅರ್ಧಕ್ಕೆ ಕಡಿಮೆ ಇಲ್ಲದಂತೆ. 2024ರಲ್ಲಿ ನಮ್ಮ ರಾಜ್ಯದಲ್ಲಿ ದಿನಗೂಲಿ 349 ರೂಪಾಯಿ ಇತ್ತು. ಮಕ್ಕಳು ಲೆಕ್ಕ ಮಾಡಿ ನೋಡಿ: ಕಾಲು ಭಾಗ ಎಂದರೆ 87 ರೂಪಾಯಿ 25 ಪೈಸೆ, ಅರ್ಧ ಎಂದರೆ 174 ರೂಪಾಯಿ 50 ಪೈಸೆ. ಆದರೆ ಈ ಎಣಿಕೆಯೆಲ್ಲ ಶುರುವಾಗುತ್ತಿದ್ದದ್ದು ಆ ರಸೀತಿಯ ತಾರೀಖಿನಿಂದ. ತಾರೀಖೇ ಇಲ್ಲದಿದ್ದರೆ ಹದಿನೈದನೆಯ ದಿನ ಯಾವುದು ಎಂದು ಯಾರು ಹೇಳುವುದು?

ಹುಡುಗಿ ಕೂತು ಮಾವನಿಗೆ ಅರ್ಜಿ ಬರೆದುಕೊಟ್ಟಳು. ಎರಡು ಪ್ರತಿ. ಒಂದು ಪಂಚಾಯಿತಿಗೆ, ಇನ್ನೊಂದಕ್ಕೆ ಸೀಲು, ತಾರೀಖು, ಸಹಿ ಹಾಕಿಸಿಕೊಳ್ಳಲು. ‘ಜಗಳ ಆಡಬೇಡಿ. ನಕಲಿಗೆ ಸೀಲು ಹಾಕಿಕೊಡಿ ಅಂತ ಮಾತ್ರ ಕೇಳಿ’ ಎಂದು ನಾನು ಹೇಳಿ ಕಳಿಸಿದೆ. ಅವರ ಜೊತೆ ಊರಿನ ಇನ್ನೂ ಎಂಟು ಮನೆಯವರು ಅದೇ ರೀತಿ ಬರೆದುಕೊಟ್ಟರಂತೆ. ಹನ್ನೊಂದನೆಯ ದಿನ ಕೆರೆ ಹೂಳೆತ್ತುವ ಕೆಲಸ ಶುರುವಾಯಿತು. ಭತ್ಯೆಯ ಪ್ರಶ್ನೆಯೇ ಬರಲಿಲ್ಲ. ಬರದಿದ್ದದ್ದೇ ಒಳ್ಳೆಯದು. ಆ ಕಾನೂನು ಭತ್ಯೆ ಇಟ್ಟಿದ್ದದ್ದು ಕೆಲಸ ಕೊಡುವುದು ಮರೆಯದಿರಲಿ ಎಂದು. ಮಕ್ಕಳು ಜೂನ್‌ನಲ್ಲಿ ಅದೇ ಶಾಲೆಗೆ ಹೋದರು.

ಇತ್ತ ಕೊಳ್ಳೇಗಾಲದಲ್ಲಿ ನಾಲ್ಕನೇ ಬಾಗಿಲು ಕಾಯುತ್ತಿತ್ತು. ಅದು ನನ್ನ ಹಳೆಯ ಮನೆಯ ಬಾಗಿಲು, ಬ್ಯಾಂಕು. ಜೂನ್ ಮೊದಲ ವಾರ ಹುಡುಗಿ ಫೋನಿನಲ್ಲಿ ‘ಡಿಬಿಟಿ ಕರ್ನಾಟಕ’ ತೆರೆದು ನೋಡಿದರೆ ಎರಡು ಕಂತು ಪಾವತಿಯಾಗಿದೆ ಎಂದು ತೋರಿಸುತ್ತಿದೆ. ಪಾಸ್‌ಬುಕ್ಕಿನಲ್ಲಿ ಒಂದೂ ಇಲ್ಲ. ‘ಯಾರೋ ತಿಂದವರೆ’ ಎಂದು ಅಜ್ಜಿ ತೀರ್ಪು ಕೊಟ್ಟೇಬಿಟ್ಟರು.

ಯಾರೂ ತಿಂದಿರಲಿಲ್ಲ. ಇಲ್ಲಿ ಒಂದು ವಿಷಯವನ್ನು ಅಜ್ಜ ಅಜ್ಜಿಯರು, ಮೊಮ್ಮಕ್ಕಳು ಎಲ್ಲರೂ ತಿಳಿದುಕೊಂಡರೆ ಒಳ್ಳೆಯದು, ಏಕೆಂದರೆ ಪಿಂಚಣಿಗೂ ವಿದ್ಯಾರ್ಥಿವೇತನಕ್ಕೂ ಇದೇ ನಿಯಮ. ಬ್ಯಾಂಕಿಗೆ ಆಧಾರ್ ನಕಲು ಕೊಟ್ಟಿದ್ದೇವೆ ಎಂದರೆ ಸರ್ಕಾರದ ಹಣ ಆ ಖಾತೆಗೇ ಬರುತ್ತದೆ ಎಂದಲ್ಲ. ಆಧಾರ್ ಸಂಖ್ಯೆಯ ಮೇಲೆ ಕಳಿಸುವ ಹಣ ಯಾವ ಬ್ಯಾಂಕಿಗೆ ಹೋಗಬೇಕೆಂಬ ಪಟ್ಟಿಯನ್ನು ರಾಷ್ಟ್ರೀಯ ಪಾವತಿ ನಿಗಮ ಬೇರೆಯಾಗಿ ಇಟ್ಟುಕೊಂಡಿರುತ್ತದೆ. ಅದರಲ್ಲಿ ಒಂದು ಆಧಾರ್‌ಗೆ ಒಂದು ಹೊತ್ತಿನಲ್ಲಿ ಒಂದೇ ಬ್ಯಾಂಕು. ನೀವು ಹೊಸ ಮನೆಗೆ ಹೋಗಿ ಊರಿಗೆಲ್ಲ ವಿಳಾಸ ಹೇಳಿ, ಪೋಸ್ಟ್‌ಮ್ಯಾನ್‌ಗೆ ಮಾತ್ರ ಹೇಳದಿದ್ದರೆ ಕಾಗದ ಹಳೆಯ ಮನೆಗೇ ಹೋಗುತ್ತದಲ್ಲ, ಹಾಗೆ.

‘ನಿನ್ನ ಹೆಸರಲ್ಲಿ ಹಿಂದೆ ಯಾವುದಾದರೂ ಖಾತೆ ಇತ್ತಾ?’ ಎಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, ‘ಯಳಂದೂರಲ್ಲಿ ಇತ್ತು ತಾತ’ ಎಂದಳು. ಪಿಯುಸಿಯನ್ನು ಅವಳು ಅತ್ತೆಯ ಮನೆಯಲ್ಲಿದ್ದು ಯಳಂದೂರಿನಲ್ಲಿ ಓದಿದ್ದಳು. ಆಗ ವಿದ್ಯಾರ್ಥಿವೇತನಕ್ಕೆಂದು ಮಾಡಿಸಿದ ಖಾತೆ. ಬಂದ ವೇತನ ತೆಗೆದುಕೊಂಡ ಮೇಲೆ ಅದನ್ನು ಎಲ್ಲರೂ ಮರೆತಿದ್ದರು. ಪಟ್ಟಿ ಮರೆತಿರಲಿಲ್ಲ.

ಮಾರನೆಯ ದಿನ ಮೂವರೂ ಯಳಂದೂರಿನ ಬಸ್ಸು ಹತ್ತಿದೆವು. ತಮ್ಮನೂ ಹಟ ಮಾಡಿ ಬಂದ. ಬ್ಯಾಂಕು ತೆರೆಯಲು ಇನ್ನೂ ಹೊತ್ತಿತ್ತು. ಗೌರೀಶ್ವರ ದೇವಸ್ಥಾನದ ಬಳೆಮಂಟಪದ ಮುಂದೆ ನಿಂತು, ಕಲ್ಲಿನಲ್ಲೇ ಬಳೆಗಳನ್ನು ಕೋದಂತೆ ಕಡೆದ ಸರಪಳಿಯನ್ನು ಅವನಿಗೆ ತೋರಿಸಿದಳು. ಆಮೇಲೆ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಕೊಟ್ಟೆವು. ಯಂತ್ರ ಕರಕರ ಎಂದು ಅಚ್ಚು ಹಾಕಿತು. ಎರಡು ಸಾಲು, ಎರಡು 3,000. ಹುಡುಗಿ ಆ ಪುಟದ ಮೇಲೆ ಬೆರಳಿಟ್ಟುಕೊಂಡು ಏನೂ ಮಾತಾಡದೆ ನಿಂತಳು. ಬಹಳ ದಿನ ವ್ಯವಹಾರವಿಲ್ಲದ ಖಾತೆಯಾದ್ದರಿಂದ ಗುರುತಿನ ದಾಖಲೆಗಳನ್ನು ಮತ್ತೆ ಕೊಡಬೇಕಾಯಿತು. ನಾಲ್ಕು ದಿನ ಬಿಟ್ಟು ಹಣ ಕೈಗೆ ಬಂತು. ಘೋಷಣೆ ಕೊಡದ ಒಂದು ತಿಂಗಳಿನದು ಮಾತ್ರ ಬರಲಿಲ್ಲ. ಬಂದದ್ದರಲ್ಲಿ ಇನ್ನೊಂದು ಪರೀಕ್ಷೆಯ ಶುಲ್ಕವನ್ನು, ಕೊನೆಯ ದಿನಕ್ಕೆ ಎರಡು ದಿನ ಮುಂಚೆ, ಕಟ್ಟಿದಳು.

ಆ ಸಂಜೆ ಜಗಲಿಯಲ್ಲಿ ಅವಳ ಅಮ್ಮ ಮತ್ತೆ ಅದೇ ಮಾತು ತೆಗೆದರು. ಬಂದರೂ ಬಿಟ್ಟಿ ದುಡ್ಡೇ ತಾನೆ, ಎಂದು. ನಾನು ಸಂವಿಧಾನದ 41ನೇ ವಿಧಿಯ ಮಾತು ಹೇಳಿದೆ. ಕೆಲಸದ ಹಕ್ಕು, ಶಿಕ್ಷಣದ ಹಕ್ಕು, ನಿರುದ್ಯೋಗ, ಮುಪ್ಪು, ಕಾಯಿಲೆ, ಅಂಗವೈಕಲ್ಯ ಇವುಗಳಲ್ಲಿ ಸರ್ಕಾರದ ನೆರವು ಪಡೆಯುವ ಹಕ್ಕು, ಇವೆಲ್ಲ ಜನರಿಗೆ ಸಿಗುವಂತೆ ರಾಜ್ಯವು ತನ್ನ ಆರ್ಥಿಕ ಶಕ್ತಿಯ ಮಿತಿಯೊಳಗೆ ಏರ್ಪಾಡು ಮಾಡಬೇಕು ಎಂಬುದು ಅದರ ಸಾರ. ಇದು ಕೋರ್ಟಿಗೆ ಹೋಗಿ ಕೇಳುವ ಹಕ್ಕಲ್ಲ, ಸರ್ಕಾರ ನಡೆಯಬೇಕಾದ ದಾರಿಯನ್ನು ತೋರಿಸುವ ಮಾತು. ಆದರೂ ನೋಡಿ, ಕೆಲಸವಿಲ್ಲದ ಹರೆಯದವರನ್ನೂ ವಯಸ್ಸಾದವರನ್ನೂ ಒಂದೇ ಸಾಲಿನಲ್ಲಿ ಅಕ್ಕಪಕ್ಕ ಕೂರಿಸಿದ್ದಾರೆ. ಅಜ್ಜಿಗೆ ತಿಂಗಳಿಗೆ ಸಂಧ್ಯಾ ಸುರಕ್ಷಾ 1,200 ರೂಪಾಯಿ ಬರುತ್ತದೆ. ಅದನ್ನು ಆ ಮನೆಯಲ್ಲಿ ಯಾರೂ ಬಿಟ್ಟಿ ಎಂದಿರಲಿಲ್ಲ. ‘ಹಂಗಾರ ನಂದೂ ಅವ್ಳದೂ ಒಂದೇ ಪಂಕ್ತಿ ಅನ್ನಿ’ ಎಂದರು ಅಜ್ಜಿ. ಸೊಸೆ ಉತ್ತರ ಕೊಡಲಿಲ್ಲ. ಆದರೆ ಆಮೇಲೆ ಆ ಮಾತನ್ನು ಅವರ ಬಾಯಲ್ಲಿ ನಾನು ಕೇಳಿಲ್ಲ.

ಕೆಲಸ ಇಲ್ಲ ಎಂದು ಪದೇ ಪದೇ ಹೇಳಬೇಕಾದ ಮುಜುಗರವೂ ನಮ್ಮೂರಿನದು ಮಾತ್ರವಲ್ಲ. ಬ್ರಿಟನ್ನಿನಲ್ಲಿ 1911ರಲ್ಲಿ ರಾಷ್ಟ್ರೀಯ ವಿಮಾ ಕಾಯ್ದೆ ಬಂದಾಗ ಹಡಗು ಕಟ್ಟುವವರು, ಮನೆ ಕಟ್ಟುವವರು, ಯಂತ್ರ ಮಾಡುವವರು ಇಂಥ ಕೆಲವೇ ಕಸುಬಿನವರಿಗೆ ಕೆಲಸ ಹೋದಾಗ ವಾರಕ್ಕೆ ಏಳು ಶಿಲಿಂಗ್ ಕೊಡುವ ಏರ್ಪಾಡಾಯಿತು. ವರ್ಷಕ್ಕೆ ಹೆಚ್ಚೆಂದರೆ 15 ವಾರ. ಮೊದಲ ವಾರಕ್ಕೆ ಏನೂ ಇಲ್ಲ. ಅವರೂ ಉದ್ಯೋಗ ಕಚೇರಿಗೆ ಹೋಗಿ ‘ಕೆಲಸವಿಲ್ಲ’ ಎಂದು ಪುಸ್ತಕದಲ್ಲಿ ಸಹಿ ಹಾಕಬೇಕಿತ್ತು. ಇವತ್ತಿನ ಓಟಿಪಿ ಅಂದಿನ ಆ ಸಹಿಯ ಮೊಮ್ಮಗು.

ಕಾಗದ ಎಲ್ಲಿಗೆ ಹೋಗಿದೆ ಎಂದು ಹುಡುಕುವುದು ನಮ್ಮ ಕಡೆಯವರಿಗೂ ಹಳೆಯ ಅಭ್ಯಾಸವೇ. ನನ್ನ ತಂದೆಯ ಕಾಲದಲ್ಲಿ ಕೊಳ್ಳೇಗಾಲ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಹನೂರೂ ಅದರ ಜೊತೆಗೇ. ಪಕ್ಕದ ಯಳಂದೂರು, ದಿವಾನ್ ಪೂರ್ಣಯ್ಯನವರ ಜಹಗೀರು, ಮೈಸೂರು ಸಂಸ್ಥಾನದ್ದು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಬಂದೆವು. 1997ರಲ್ಲಿ ಚಾಮರಾಜನಗರ ಜಿಲ್ಲೆಯಾಯಿತು. ಈಚೆಗೆ ಹನೂರು ತಾನೇ ಒಂದು ತಾಲ್ಲೂಕಾಯಿತು. ಕಚೇರಿ ಹತ್ತಿರ ಬಂದಷ್ಟೂ ಒಳ್ಳೆಯದೇ. ಈಗಂತೂ ಕಚೇರಿ ಫೋನಿನೊಳಗೇ ಬಂದಿದೆ. ಆದರೆ ಹಿಂದೆ ಕಚೇರಿ ದೂರ ಇದ್ದರೂ ಅಲ್ಲೊಬ್ಬ ಗುಮಾಸ್ತ ಕೂತಿರುತ್ತಿದ್ದ, ಮುಖ ಕಾಣುತ್ತಿತ್ತು. ಫೋನಿನ ಕಚೇರಿಗೆ ಮುಖವಿಲ್ಲ. ಅದಕ್ಕೇ ಮನೆಯ ಕಿರಿಯರು ಹಿರಿಯರ ಜೊತೆ ಕೂರಬೇಕು. ಮೊಮ್ಮಕ್ಕಳಿಗೆ ಫೋನು ಗೊತ್ತು, ನಮಗೆ ಕಚೇರಿ ಗೊತ್ತು.

ಆಗಸ್ಟ್‌ನಲ್ಲಿ ಹುಡುಗಿಗೆ ಕೆಲಸ ಸಿಕ್ಕಿತು. ಖಾಸಗಿ ಶಾಲೆಯೊಂದರಲ್ಲಿ ಲೆಕ್ಕ ಬರೆಯುವುದು, ತಿಂಗಳಿಗೆ ಒಂಬತ್ತು ಸಾವಿರ, ಕೈಗೆ ನಗದು. ಸರ್ಕಾರಿ ಪರೀಕ್ಷೆಯ ಫಲಿತಾಂಶ ಬರುವವರೆಗೆ ಇದಿರಲಿ ಎಂದು ಸೇರಿದಳು. 20ನೇ ತಾರೀಖು ಬಂತು. ಕ್ಯಾಲೆಂಡರಿನಲ್ಲಿ ತಮ್ಮ ಬರೆದ ವೃತ್ತ ಇತ್ತು. ಅಪ್ಪ ಊಟಕ್ಕೆ ಬಂದು ಅಭ್ಯಾಸದಂತೆ ಫೋನು ಮುಂದಿಟ್ಟರು. ‘ನಗದು ಸಂಬಳ, ಎಲ್ಲೂ ದಾಖಲೆ ಇಲ್ಲ. ಇನ್ನೊಂದಷ್ಟು ತಿಂಗಳು ಘೋಷಣೆ ಕೊಡು, ಯಾರಿಗೆ ಗೊತ್ತಾಗತ್ತೆ?’ ಎಂದು ಗೆಳತಿಯೊಬ್ಬಳು ಹೇಳಿದ್ದಳಂತೆ. ಒಂದು ತಿಂಗಳ ಹಣ ಕಳೆದುಕೊಂಡಿದ್ದೇನಲ್ಲ, ಅದನ್ನಾದರೂ ಹೀಗೆ ಸರಿಮಾಡಿಕೊಳ್ಳಬಾರದೇ ಎಂದು ಅವಳ ಮನಸ್ಸೂ ಹೊಯ್ದಾಡಿತ್ತು. 3,000 ಆ ಮನೆಯಲ್ಲಿ ಸಣ್ಣ ಹಣವಲ್ಲ.

ಅವಳು ನನ್ನ ಮುಖ ನೋಡಿದಳು. ನಾನು ಏನೂ ಹೇಳಲಿಲ್ಲ. ಹೇಳಿದ್ದು ಅಜ್ಜಿ. ‘ಇಲ್ದಾಗ ಇಲ್ಲ ಅಂತ ಬರ್ದೆ, ಅದ್ಕ ನಾಚ್ಕೊಳ್ನಿಲ್ಲ. ಈಗ ಅದೆ. ಅದೆ ಅಂತ ಬರಿಯಕ್ಕ ಯಾಕ ನಾಚ್ಕ?’

ಹುಡುಗಿ ಫೋನನ್ನು ಅಪ್ಪನ ಕೈಗೆ ವಾಪಸು ಕೊಟ್ಟಳು. ನೋಟ್‌ಬುಕ್ ತೆಗೆದು ತಾರೀಖು ಹಾಕಿ, ‘ಕೆಲಸ ಸಿಕ್ಕಿತು. ಭತ್ಯೆ ಸಾಕು’ ಎಂದು ಬರೆದು ಗೆರೆ ಎಳೆದಳು. ಆಮೇಲೆ ಹೊಸ ಹಾಳೆ ತಿರುವಿ, ‘ಅಜ್ಜಿ, ನಿಂದು ಎರಡು ತಿಂಗಳಿಂದ ಪಿಂಚಣಿ ಬಂದಿಲ್ಲ ಅಂತಿದ್ಯಲ್ಲ. ಕಾರ್ಡು ಕೊಡು. ಎಲ್ಲಿದೆ ಅಂತ ನೋಡಣ’ ಎಂದಳು.

ತಮ್ಮ ಆಗಲೇ ಕೆಂಪು ಪೆನ್ನು ಹುಡುಕುತ್ತಿದ್ದ.